ಬಿಸಿಲು ಕಟ್ಟಿಕೊಟ್ಟ ಬುತ್ತಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಈ ಲೆಕ್ಕ ಒಂದಲ್ಲ ಒಂದು ಸಲ ಎದುರಾಗಿಯೇ ಇರುತ್ತದೆ. ತಾಜಾ ದ್ರಾಕ್ಷಿಯಲ್ಲಿ ಶೇ 90ರಷ್ಟು ನೀರಿದೆ, ಒಣದ್ರಾಕ್ಷಿಯಲ್ಲಿ ಶೇ 20ರಷ್ಟು. 10 ಕಿಲೊ ತಾಜಾ ದ್ರಾಕ್ಷಿ ಒಣಗಿಸಿದರೆ ಸಿಗುವ ಒಣದ್ರಾಕ್ಷಿ ಎಷ್ಟು? ಅವಸರದಲ್ಲಿ ಮಾಡಿದವರು 3 ಕಿಲೊ ಎಂದು ಗುರುತು ಹಾಕಿ ಬರುತ್ತಾರೆ. ನೀರು ಎಷ್ಟೇ ಹೋದರೂ ಹಣ್ಣಿನ ತಿರುಳು ಹಾಗೇ ಉಳಿಯುತ್ತದೆ ಎಂಬ ಎಳೆ ಹಿಡಿದವರಿಗೆ ಸರಿಯುತ್ತರ ಸಿಗುತ್ತದೆ: ಒಂದೂಕಾಲು ಕಿಲೊ.

ಈ ಲೆಕ್ಕವನ್ನು ಪೆನ್ನು ಹಿಡಿಯದೇ ಮಾಡುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಒಂದು ಬುಟ್ಟಿ ಚವಳಿಕಾಯಿ ಒಣಗಿದರೆ ಯಾವ ಡಬ್ಬಿಗೆ ಸರಿಹೋಗುತ್ತದೆ, ಎರಡು ಮೊರ ಮೆಂತ್ಯೆ ಸೊಪ್ಪು ಒಣಗಿದರೆ ಎಷ್ಟು ಹಿಡಿ ಆಗುತ್ತದೆ ಎಂಬುದು ನಮ್ಮವ್ವನಿಗೆ ಕಣ್ಣಳತೆಯಲ್ಲೇ ಗೊತ್ತು. ನಮ್ಮದು ಗದಗ ಜಿಲ್ಲೆಯ ಎರೆಭೂಮಿಯ ಊರು. ನಾನು ಎರಡು ವರ್ಷದಿಂದ ಬೆಂಗಳೂರಿನ ವಿಜಯನಗರದಲ್ಲಿ ಒಂದು ಕೋಣೆ ಹಿಡಿದು ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಮೂವರು ಗೆಳೆಯರು, ಒಂದು ಗ್ಯಾಸ್ ಒಲೆ, ಫ್ರಿಜ್ ಇಲ್ಲ. ತಿಂಗಳ ಕೊನೆಯ ವಾರದಲ್ಲಿ ನಮ್ಮನ್ನು ಕಾಪಾಡುವುದು ಊರಿನಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಒಣ ತರಕಾರಿಯ ಡಬ್ಬಿಗಳು.

ಹಿತ್ತಲಿನ ಸುಗ್ಗಿ, ಸಂತೆಯ ದರ

ಹಿತ್ತಲಿನ ತರಕಾರಿಗೆ ಒಂದು ಗುಣವಿದೆ. ಬಂದರೆ ಒಮ್ಮೆಲೇ ಬರುತ್ತದೆ. ಬಚ್ಚಲ ನೀರಿಗೆ ಬೆಳೆದ ನಾಲ್ಕು ಬದನೆ ಗಿಡ, ಒಂದು ಹಾಗಲ ಬಳ್ಳಿ, ಒಂದು ಸಾಲು ಚವಳಿ ಸಾಕು. ಒಂದು ತಿಂಗಳು ಮನೆಯವರು, ಅಕ್ಕಪಕ್ಕದವರು ತಿಂದರೂ ತೀರುವುದಿಲ್ಲ. ಸಂತೆಗೆ ಒಯ್ದರೆ ಅಲ್ಲಿಯೂ ಅದೇ ಬದನೆಯ ರಾಶಿ. ಟಂಟಂ ಬಾಡಿಗೆಯೂ ಹುಟ್ಟುವುದಿಲ್ಲ. ಎರಡು ತಿಂಗಳ ನಂತರ ಅದೇ ತರಕಾರಿಗೆ ಮನೆಯವರೇ ಸಂತೆಯಲ್ಲಿ ದುಡ್ಡು ಎಣಿಸಬೇಕು.

ಊರಿಗೆ ಇದು ಹಿತ್ತಲಿನ ಕಥೆಯಾದರೆ ದೇಶಕ್ಕೆ ಟೊಮೆಟೊ ಕಥೆ. 2023ರ ಜುಲೈನಲ್ಲಿ ಟೊಮೆಟೊ ದರ ಕಿಲೊಗೆ 100 ರೂಪಾಯಿ ದಾಟಿದ್ದು ನೆನಪಿರಬಹುದು. ನಮ್ಮ ಕೋಣೆಯಲ್ಲಿ ಆ ತಿಂಗಳು ಸಾರಿಗೆ ಹುಣಸೆಹಣ್ಣೇ ಗತಿಯಾಗಿತ್ತು. ಅದೇ ಟೊಮೆಟೊವನ್ನು ದರ ಬಿದ್ದಾಗ ರೈತರು ರಸ್ತೆ ಬದಿ ಸುರಿದು ಹೋಗುವುದನ್ನೂ ಪತ್ರಿಕೆಗಳಲ್ಲಿ ನೋಡುತ್ತೇವೆ. ಸುರಿಯುವ ದಿನಕ್ಕೂ ಸಿಗದ ದಿನಕ್ಕೂ ನಡುವೆ ಇರುವುದು ಕೆಲವೇ ತಿಂಗಳ ಅಂತರ. ಆ ಅಂತರ ದಾಟಿಸುವ ಎಲ್ಲಕ್ಕಿಂತ ಅಗ್ಗದ ದಾರಿ ಬಿಸಿಲು.

ನಮ್ಮವ್ವ ಹೇಳುವುದು ಇಷ್ಟೇ: “ಬಿಸಿಲು ಪುಕ್ಕಟೆ ಐತಿ ತಮ್ಮಾ, ಹಿಡಿದಿಟ್ಕೊಳ್ಳಾಕ ಬರಬೇಕು.”

ಎಲ್ಲ ಸೀಮೆಯಲ್ಲೂ ಒಂದೊಂದು ಡಬ್ಬಿ

ನಮ್ಮ ಕಡೆ ಒಣಗಿಸುವ ಕೆಲಸ ಕಡಲೆ ಹೊಲದಿಂದ ಶುರುವಾಗುತ್ತದೆ. ಹಿಂಗಾರಿ ಕಡಲೆ ಗೇಣುದ್ದ ಬೆಳೆದಾಗ ಕುಡಿ ಚಿವುಟುತ್ತಾರೆ. ಚಿವುಟಿದ ಗಿಡ ಹೆಚ್ಚು ಕವಲೊಡೆಯುತ್ತದೆ, ಹುಳಿ ಹುಳಿಯಾದ ಕುಡಿ ಪಲ್ಯಕ್ಕಾಗುತ್ತದೆ. ಹೆಚ್ಚಾದದ್ದನ್ನು ನೆರಳಲ್ಲಿ ಒಣಗಿಸಿಟ್ಟರೆ ಬೇಸಿಗೆಯಲ್ಲಿ ಹಿತ್ತಲು ಬರಿದಾದಾಗ ಬೇಳೆಯೊಂದಿಗೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿಗೆ ಹಚ್ಚಿಕೊಳ್ಳಬಹುದು. ಆಮೇಲೆ ಬಿಸಿಲು ಏರಿದಂತೆ ಚವಳಿಕಾಯಿ ಬಾಳಕ, ಮೆಣಸಿನಕಾಯಿ ಬಾಳಕ, ಹಾಗಲಕಾಯಿ ಬಾಳಕ.

ಮಂಡ್ಯ ಕಡೆಯ ಗೆಳೆಯ ಚವಳಿಕಾಯಿಗೆ ಗೋರಿಕಾಯಿ ಎನ್ನುತ್ತಾನೆ. ಅವನ ಡಬ್ಬಿಯಲ್ಲಿ ಒಣ ಬದನೆಕಾಯಿ, ಬೂದುಗುಂಬಳದ ಸಂಡಿಗೆ ಇರುತ್ತವೆ. ಶಿರಸಿಯ ಗೆಳೆಯನ ಡಬ್ಬಿಯಲ್ಲಿ ಹಲಸಿನ ಹಪ್ಪಳ, ಒಣಗಿಸಿದ ಮುರುಗಲು ಸಿಪ್ಪೆ, ವಾಟೆ ಹುಳಿ. ಬಿಸಿಲು ಕಡಿಮೆ, ಮಳೆ ಹೆಚ್ಚು ಇರುವ ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟವೇ ಒಣಗಿಸುವ ಯಂತ್ರವಾಗಿತ್ತು. ಕೆಳಗೆ ಅಡುಗೆ ಬೇಯುತ್ತಿದ್ದರೆ ಮೇಲೆ ಅದರ ಕಾವಿಗೆ ಹುಳಿ ಒಣಗುತ್ತಿತ್ತು.

ಕರ್ನಾಟಕದ ಹೊರಗೂ ಈ ಬುದ್ಧಿ ಹಳೆಯದೇ. ಕಾಶ್ಮೀರದಲ್ಲಿ ಬೇಸಿಗೆಯ ಬದನೆ, ಸೋರೆಕಾಯಿ, ಟೊಮೆಟೊಗಳನ್ನು ಹೆಚ್ಚಿ, ದಾರಕ್ಕೆ ಪೋಣಿಸಿ ಒಣಗಿಸುತ್ತಾರೆ. ಅದಕ್ಕೆ ‘ಹೋಖ್ ಸ್ಯುನ್’ ಎಂದು ಹೆಸರು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿದಾಗ ಊಟದ ತಟ್ಟೆ ತುಂಬುತ್ತಿದ್ದದ್ದು ಇದರಿಂದಲೇ. ರಾಜಸ್ಥಾನದ ಮರುಭೂಮಿಯಲ್ಲಿ ಕೇರ್ ಕಾಯಿ ಮತ್ತು ಸಾಂಗ್ರಿ ಕೋಡುಗಳನ್ನು ಒಣಗಿಸಿಡುತ್ತಾರೆ. ಒಂದು ಕಡೆ ಹಿಮ, ಇನ್ನೊಂದು ಕಡೆ ಮರಳು. ಹಸಿ ತರಕಾರಿ ಸಿಗದ ತಿಂಗಳುಗಳು ಮಾತ್ರ ಎರಡೂ ಕಡೆ ಇವೆ.

ಒಣಗಿದರೆ ಯಾಕೆ ಕೆಡುವುದಿಲ್ಲ?

ತರಕಾರಿ ಕೆಡಲು ಮುಖ್ಯ ಕಾರಣ ಎರಡು. ಒಂದು, ಬ್ಯಾಕ್ಟೀರಿಯಾ ಮತ್ತು ಬೂಸ್ಟು. ಇನ್ನೊಂದು, ತರಕಾರಿಯೊಳಗೇ ಇರುವ ಕಿಣ್ವಗಳು. ಎರಡಕ್ಕೂ ಕೆಲಸ ಮಾಡಲು ನೀರು ಬೇಕು. ಟೊಮೆಟೊದಲ್ಲಿ ಸುಮಾರು ಶೇ 94ರಷ್ಟು ನೀರೇ. ಅಂದರೆ ಒಂದು ಕಿಲೊದಲ್ಲಿ ತಿರುಳು 60 ಗ್ರಾಂ ಮಾತ್ರ. ಶೇ 6ರಷ್ಟು ನೀರು ಉಳಿಯುವಂತೆ ಒಣಗಿಸಿದರೆ ಅದು 64 ಗ್ರಾಂ ಆಗುತ್ತದೆ. ಪರೀಕ್ಷೆಯ ಲೆಕ್ಕದಂತೆಯೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಣಗಿಸುವುದು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ಅವುಗಳಿಗೆ ನೀರು ಸಿಗದಂತೆ ಮಾಡುತ್ತದೆ ಅಷ್ಟೆ. ಮತ್ತೆ ತೇವ ತಗುಲಿದರೆ ಅವು ಎದ್ದು ಕೂರುತ್ತವೆ. ಹಾಗಾಗಿ ಒಣಗಿಸುವುದು ಅರ್ಧ ಕೆಲಸ, ಒಣಗಿದ್ದನ್ನು ಒಣದಾಗಿಯೇ ಇಡುವುದು ಇನ್ನರ್ಧ.

ಕಿಣ್ವಗಳ ಕಥೆ ಬೇರೆ. ಬಣ್ಣ ಕಪ್ಪಾಗುವುದು, ಹುಲ್ಲಿನಂಥ ವಾಸನೆ ಬರುವುದು ಅವುಗಳಿಂದ. ಅದಕ್ಕೇ ಚವಳಿಕಾಯಿ, ಬೀನ್ಸ್, ಗಜ್ಜರಿಯಂಥ ಗಟ್ಟಿ ತರಕಾರಿಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ, ಬಸಿದು ಒಣಗಿಸುವುದು. ಕಾವಿಗೆ ಕಿಣ್ವಗಳು ಸುಮ್ಮನಾಗುತ್ತವೆ. ನಮ್ಮಜ್ಜಿಗೆ ಕಿಣ್ವ ಎಂಬ ಶಬ್ದ ಗೊತ್ತಿರಲಿಲ್ಲ. ‘ಒಂದು ಕುದಿ ಕೊಟ್ಟು ತೆಗಿ’ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಯಾವುದನ್ನು, ಹೇಗೆ?

ಕಳೆದ ಏಪ್ರಿಲ್‌ನಲ್ಲಿ ಒಂದು ಪರೀಕ್ಷೆ ಬರೆದು ಊರಿಗೆ ಹೋಗಿದ್ದೆ. ಕೀ ಉತ್ತರ ಯಾವಾಗ ಬರುತ್ತದೋ ಎಂದು ದಿನಕ್ಕೆ ಹತ್ತು ಸಲ ಮೊಬೈಲ್ ನೋಡುವ ದಿನಗಳು. ಊರಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ: “ನೌಕರಿ ಆತೇನಪ?” ಅವ್ವನಿಗೆ ಮೊಣಕಾಲು ನೋವು, ಮಾಳಿಗೆ ಏರಲು ಆಗುತ್ತಿರಲಿಲ್ಲ. “ಈ ವರ್ಷ ಬಾಳಕ ಬ್ಯಾಡ ಬಿಡು” ಎಂದಳು. ಅವಳು ಹಾಗೆ ಹೇಳಿದ್ದು ಅದೇ ಮೊದಲು. ಅವಳು ಕೆಳಗೆ ಕಟ್ಟೆಯ ಮೇಲೆ ಕೂತು ಹೇಳುವುದು, ನಾನು ಹೆಚ್ಚಿ, ಕುದಿಸಿ, ಮಾಳಿಗೆಗೆ ಒಯ್ದು ಹರವುವುದು ಎಂದು ನಿಕ್ಕಿಯಾಯಿತು. ಜೊತೆಗೆ ಒಂದು ಕೆಲಸ ಮಾಡಿದೆ. ಅವಳ ‘ಒಂದು ಹಿಡಿ’, ‘ಚಿಟಿಕೆ’, ‘ಅಷ್ಟು’ ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ, ನೋಟ್ಸ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡೆ. ಅದರಿಂದ ಆರಿಸಿದ್ದು ಇಲ್ಲಿದೆ.

ಚವಳಿಕಾಯಿ: ಎಳೆಯದನ್ನೇ ಆರಿಸಿ. ತುದಿ, ನಾರು ತೆಗೆದು ಉಪ್ಪು ಹಾಕಿದ ನೀರಿನಲ್ಲಿ ಮೂರು ನಿಮಿಷ ಕುದಿಸಿ ಬಸಿಯಿರಿ. ಪಲ್ಯಕ್ಕೆ ಬೇಕಿದ್ದರೆ ಹಾಗೇ ಒಣಗಿಸಿ. ಕರಿದು ತಿನ್ನುವ ಬಾಳಕವಾದರೆ ಹುಳಿ ಮಜ್ಜಿಗೆ, ಉಪ್ಪು, ಜೀರಿಗೆ ಪುಡಿಯಲ್ಲಿ ಒಂದು ರಾತ್ರಿ ನೆನೆಸಿ ಒಣಗಿಸಿ. ಒಳ್ಳೆಯ ಬಿಸಿಲಿದ್ದರೆ ನಾಲ್ಕೈದು ದಿನ ಸಾಕು.

ಹಾಗಲಕಾಯಿ, ಬೆಂಡೆಕಾಯಿ: ತೆಳ್ಳಗೆ ಬಿಲ್ಲೆಯಾಗಿ ಹೆಚ್ಚಿ. ಹಾಗಲಕ್ಕೆ ಉಪ್ಪು, ಅರಿಸಿನ ಸವರಿ ಅರ್ಧ ಗಂಟೆ ಬಿಟ್ಟು, ಬಿಟ್ಟ ನೀರು ಹಿಂಡಿ ಹರವಿ. ಬೆಂಡೆಯನ್ನು ತೊಳೆದ ಮೇಲೆ ಬಟ್ಟೆಯಿಂದ ಪೂರ್ತಿ ಒರೆಸಿದ ನಂತರವೇ ಹೆಚ್ಚಿ. ಇಲ್ಲದಿದ್ದರೆ ಲೋಳೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಬದನೆಕಾಯಿ: ಹೆಚ್ಚುತ್ತಿದ್ದಂತೆ ಉಪ್ಪು ನೀರಿಗೆ ಹಾಕಿ, ಕಪ್ಪಾಗುವುದು ಕಡಿಮೆಯಾಗುತ್ತದೆ. ಉದ್ದ ಹೋಳುಗಳನ್ನು ದಾರಕ್ಕೆ ಪೋಣಿಸಿ ತೂಗುಹಾಕಿದರೆ ಎಲ್ಲ ಕಡೆ ಗಾಳಿಯಾಡುತ್ತದೆ, ಜಾಗವೂ ಉಳಿಯುತ್ತದೆ.

ಸೊಪ್ಪು: ಮೆಂತ್ಯೆ, ಕಡಲೆ, ನುಗ್ಗೆ, ಕರಿಬೇವು ಯಾವುದೇ ಇರಲಿ, ನೇರ ಬಿಸಿಲು ಬೇಡ. ತೊಳೆದು, ನೀರು ಆರಿಸಿ, ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ. ಬಿಸಿಲಿನಲ್ಲಿ ಹಸಿರು ಬಣ್ಣವೂ ಎ ಜೀವಸತ್ವವಾಗುವ ಕೆರೋಟಿನ್ ಅಂಶವೂ ಬೇಗ ಹೋಗುತ್ತವೆ. ಎರಡು ಮೂರು ದಿನದಲ್ಲಿ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂತಾಗುತ್ತದೆ.

ಟೊಮೆಟೊ: ಗಟ್ಟಿ ಹಣ್ಣು ಆರಿಸಿ. ಕಾಲು ಇಂಚು ದಪ್ಪದ ಬಿಲ್ಲೆ ಮಾಡಿ, ಉಪ್ಪು ಉದುರಿಸಿ, ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿ ಜೋಡಿಸಿ. ಕಡುಬಿಸಿಲೇ ಬೇಕು. ಮೋಡ ಕಟ್ಟಿದ ದಿನ ಕೈಹಾಕಬೇಡಿ. ಮುರಿದರೆ ಲಟಕ್ಕನೆ ಮುರಿಯುವಷ್ಟು ಒಣಗಿದ ಮೇಲೆ ಪುಡಿ ಮಾಡಿಟ್ಟರೆ ಒಂದು ಚಮಚಕ್ಕೆ ಒಂದು ಸಾರು.

ಎಲ್ಲಕ್ಕೂ ಅನ್ವಯಿಸುವ ನಾಲ್ಕು ಮಾತುಗಳಿವೆ. ಹೋಳುಗಳು ಒಂದೇ ದಪ್ಪ ಇರಲಿ, ಇಲ್ಲದಿದ್ದರೆ ತೆಳ್ಳಗಿನದು ಒಣಗಿದರೂ ದಪ್ಪದ್ದು ಹಸಿಯಾಗೇ ಉಳಿಯುತ್ತದೆ. ಮೇಲೆ ತೆಳು ಬಟ್ಟೆ ಮುಚ್ಚಿ, ನೊಣ, ಧೂಳು ಕೂರದಿರಲಿ. ದಿನಕ್ಕೆರಡು ಸಲ ತಿರುವಿ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ, ಹೊರಗೇ ಬಿಟ್ಟರೆ ಹಗಲೆಲ್ಲ ಹೋದ ನೀರು ರಾತ್ರಿ ವಾಪಸ್ ಬರುತ್ತದೆ.

ಬಿಸಿಲು ಸಾಲದ ಊರಿನವರು ವಿದ್ಯುತ್ ಡ್ರೈಯರ್ ಅಥವಾ ಗಾಜು ಮುಚ್ಚಿದ ಸೌರ ಪೆಟ್ಟಿಗೆ ಬಳಸಬಹುದು. ಕಾವು 50ರಿಂದ 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಬೇಗ ಆಗಲಿ ಎಂದು ಕಾವು ಏರಿಸಿದರೆ ಹೊರಮೈ ಗಟ್ಟಿಯಾಗಿ ಒಳಗಿನ ನೀರಿಗೆ ಹೊರಬರಲು ದಾರಿಯೇ ಇಲ್ಲದಂತಾಗುತ್ತದೆ. ನೋಡಲು ಒಣಗಿದಂತಿದ್ದರೂ ಡಬ್ಬಿಯಲ್ಲಿ ಬೂಸ್ಟು ಬರುವುದು ಇಂಥದ್ದಕ್ಕೇ.

ಡಬ್ಬಿ ಮುಚ್ಚುವ ಮೊದಲು

ಒಣಗಿತು ಎಂದ ತಕ್ಷಣ ಗಟ್ಟಿಯಾಗಿ ತುಂಬಿ ಮುಚ್ಚಬೇಡಿ. ಪೂರ್ತಿ ಆರಿದ ಮೇಲೆ ಗಾಜಿನ ಬಾಟಲಿಗೆ ಮುಕ್ಕಾಲು ಭಾಗ ತುಂಬಿ, ಒಂದು ವಾರ ದಿನಾ ಅಲುಗಾಡಿಸಿ ನೋಡಿ. ಗಾಜಿನ ಒಳಮೈಯಲ್ಲಿ ತೇವ ಕಂಡರೆ ಇನ್ನೊಂದು ಬಿಸಿಲು ಬೇಕು ಎಂದರ್ಥ. ಕಾಣದಿದ್ದರೆ ಮುಚ್ಚಳ ಬಿಗಿ ಮಾಡಿ ಕತ್ತಲೆಯ ಜಾಗದಲ್ಲಿಡಿ. ಮೇಲೆ ತಿಂಗಳು, ವರ್ಷ ಬರೆದ ಚೀಟಿ ಅಂಟಿಸಿ. ಒದ್ದೆ ಚಮಚ ಹಾಕಬೇಡಿ. ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ಬಿಸಿಲು ತೋರಿಸಿದರೆ ಇನ್ನೂ ಒಳ್ಳೆಯದು.

ಬೂಸ್ಟು ಕಂಡರೆ ಮಾತ್ರ ಜಿಪುಣತನ ಬೇಡ. ‘ಮೇಲಿಂದು ತೆಗೆದು ಉಳಿದಿದ್ದು ಕರಿದರೆ ಆಯ್ತು’ ಎನ್ನುವವರಿದ್ದಾರೆ. ಸರಿಯಾಗಿ ಒಣಗದ ಮೆಣಸಿನಕಾಯಿ, ಶೇಂಗಾದಂಥವುಗಳಲ್ಲಿ ಬೆಳೆಯುವ ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಯಕೃತ್ತಿಗೆ ಅಪಾಯಕಾರಿ. ಮನೆಯಲ್ಲಿ ಬೇಯಿಸಿದರೂ ಕರಿದರೂ ಪೂರ್ತಿ ಹೋಗುವುದಿಲ್ಲ. ಇಡೀ ಡಬ್ಬಿ ಚೆಲ್ಲುವುದೇ ಸರಿ.

ಇನ್ನೊಂದು ಎಚ್ಚರಿಕೆ ಉಪ್ಪಿನದು. ಬಾಳಕದಲ್ಲಿ ಉಪ್ಪು ಹೆಚ್ಚು, ಕರಿದರೆ ಎಣ್ಣೆಯೂ ಹೆಚ್ಚು. ನಮ್ಮಪ್ಪನಿಗೆ ಬಿಪಿ ಇರುವುದರಿಂದ ಅವ್ವ ಈಗ ಎರಡು ಡಬ್ಬಿ ಮಾಡಿಸುತ್ತಾಳೆ. ಉಪ್ಪಿಲ್ಲದ್ದು ಪಲ್ಯಕ್ಕೆ, ಉಪ್ಪಿನದು ಅಪರೂಪಕ್ಕೆ ಕರಿಯಲು.

ಪೌಷ್ಟಿಕಾಂಶದ ಬಗ್ಗೆಯೂ ಕೇಳುವವರಿದ್ದಾರೆ. ಒಣಗಿಸಿದಾಗ ಸಿ ಜೀವಸತ್ವ ಬಹುಪಾಲು ಹೋಗುತ್ತದೆ. ಕಬ್ಬಿಣ, ಸುಣ್ಣದ ಅಂಶ, ನಾರು ಉಳಿಯುತ್ತವೆ. ಆದ್ದರಿಂದ ಒಣ ತರಕಾರಿ ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಹೋದದ್ದರಲ್ಲಿ ಒಂದಿಷ್ಟು ವಾಪಸ್ ಬಂದಂತೆ. ತಾಜಾ ಸಿಗುವಾಗ ತಾಜಾ ತಿನ್ನಿ, ಸಿಗದಾಗ ಇದಿರಲಿ.

ಕೋಣೆಯ ಅಡುಗೆಗೆ ಹೇಳಿ ಮಾಡಿಸಿದ್ದು

ಒಬ್ಬರು ಇಬ್ಬರು ಇರುವ ಕೋಣೆಯಲ್ಲಿ ಹಸಿ ತರಕಾರಿಯ ದೊಡ್ಡ ಕಷ್ಟವೆಂದರೆ ಉಳಿಯುವುದು. ಅರ್ಧ ಕಟ್ಟು ಸೊಪ್ಪು ಕೊಡಿ ಎಂದರೆ ಯಾರೂ ಕೊಡುವುದಿಲ್ಲ. ಉಳಿದರ್ಧ ಮಾರನೇ ದಿನಕ್ಕೆ ಬಾಡುತ್ತದೆ. ಒಣ ತರಕಾರಿಯಾದರೆ ಬೇಕಾದಷ್ಟೇ ತೆಗೆದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿಟ್ಟರೆ ಸಾಕು. ಅಷ್ಟರಲ್ಲಿ ಒಂದು ಅಣಕು ಪರೀಕ್ಷೆಯ ಅರ್ಧ ಪತ್ರಿಕೆ ಮುಗಿಯುತ್ತದೆ. ನೆನೆಸಿದ ನೀರು ಚೆಲ್ಲದೆ ಅದರಲ್ಲೇ ಬೇಯಿಸಿ, ಸತ್ವ ಅದರಲ್ಲೂ ಇರುತ್ತದೆ. ಅನ್ನ ಮಾಡುವ ಕುಕ್ಕರಿಗೇ ಒಂದು ಹಿಡಿ ಒಣ ಮೆಂತ್ಯೆ, ಒಂದು ಚಮಚ ಟೊಮೆಟೊ ಪುಡಿ, ಸ್ವಲ್ಪ ಬೇಳೆ, ಉಪ್ಪು, ಖಾರ ಹಾಕಿದರೆ ಒಂದೇ ಪಾತ್ರೆಯಲ್ಲಿ ಊಟ ತಯಾರು. ರಾತ್ರಿ ಹತ್ತಕ್ಕೆ ಗ್ರಂಥಾಲಯದಿಂದ ಬಂದವರಿಗೆ ಇದಕ್ಕಿಂತ ಸುಲಭದ್ದು ಇನ್ನೇನು ಬೇಕು?

ಇದರಲ್ಲಿ ದುಡಿಮೆ ಇದೆಯೇ?

ಇದೆ, ಆದರೆ ಸುಲಭದ ದುಡ್ಡಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಒಣ ಮೆಣಸಿನಕಾಯಿಗೆ ಹೆಸರಾದ ಮಾರುಕಟ್ಟೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಮೆಣಸಿನಕಾಯಿಯ ಬೆಲೆ ನಿಲ್ಲುವುದು ಬಣ್ಣದ ಜೊತೆಗೆ ಅದು ಎಷ್ಟು ಚೆನ್ನಾಗಿ ಒಣಗಿದೆ ಎಂಬುದರ ಮೇಲೂ. ತೇವ ಇದ್ದರೆ ದರ ಇಳಿಯಿತು ಎಂದೇ ಲೆಕ್ಕ. ಒಣಗಿಸುವುದೂ ಒಂದು ಕಸುಬು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಪಕ್ಕದ ಮಹಾರಾಷ್ಟ್ರದಲ್ಲಿ ಗೆಳೆಯರು ಸೇರಿ ಕಟ್ಟಿದ ‘ಎಸ್‌ಫೋರ್‌ಎಸ್ ಟೆಕ್ನಾಲಜೀಸ್’ ಹಳ್ಳಿಯ ಹೆಣ್ಣುಮಕ್ಕಳಿಗೆ ಸೌರ ಡ್ರೈಯರ್ ಒದಗಿಸಿ, ಅವರು ಒಣಗಿಸಿದ ಈರುಳ್ಳಿ, ಟೊಮೆಟೊಗಳನ್ನು ಆಹಾರ ಕಂಪನಿಗಳಿಗೆ ಮುಟ್ಟಿಸುತ್ತದೆ. 2023ರಲ್ಲಿ ಅದಕ್ಕೆ ಅರ್ಥ್‌ಶಾಟ್ ಪ್ರಶಸ್ತಿ ಬಂತು. ನಮ್ಮಲ್ಲೂ ದಾರಿಗಳಿವೆ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರ ಸಂರಕ್ಷಣೆಯ ಸಂಶೋಧನೆ ನಡೆಸುತ್ತಿದೆ, ಅಲ್ಪಾವಧಿ ತರಬೇತಿಗಳನ್ನೂ ಕೊಡುತ್ತದೆ. ವಿಜ್ಞಾನ ಓದಿದವರಿಗೆ ಅಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಕೋರ್ಸ್ ಇದೆ. ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ತರಬೇತಿ ಸಿಗುತ್ತದೆ. 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಡಿ ಕಿರು ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನ ಸಿಗುವಂತೆ ಮಾಡಲಾಗಿತ್ತು. ಅರ್ಜಿ ಹಾಕುವ ಮುನ್ನ ಈಗಿನ ನಿಯಮಗಳನ್ನು ಜಿಲ್ಲಾ ಕೃಷಿ ಇಲಾಖೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು.

ಆದರೆ ಎಲ್ಲವನ್ನೂ ಉದ್ಯಮದ ಕಣ್ಣಿನಿಂದಲೇ ನೋಡಬೇಕಿಲ್ಲ. ಆ ಏಪ್ರಿಲ್‌ನಲ್ಲಿ ನನಗೆ ಸಿಕ್ಕ ಲಾಭ ಬೇರೆಯೇ. ಕೆಲಸಕ್ಕಾಗಿ ಕಾಯುವ ದಿನಗಳಲ್ಲಿ ನಾವು ಮನೆಯವರ ಮುಖ ನೋಡಲು ಹಿಂಜರಿಯುತ್ತೇವೆ. ತಿನ್ನುವ ಅನ್ನಕ್ಕೆ ಲೆಕ್ಕ ಒಪ್ಪಿಸಬೇಕೇನೋ ಎಂಬ ಅಳುಕು. ಹದಿನೈದು ದಿನ ಮಾಳಿಗೆ ಏರಿ ಇಳಿದಾಗ ಆ ಅಳುಕು ಸ್ವಲ್ಪ ಕರಗಿತು. ಆ ವರ್ಷವೂ ಮನೆಯ ಡಬ್ಬಿಗಳು ತುಂಬಿದವು. ಫಲಿತಾಂಶ ಬಂದಾಗ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅವ್ವ ಏನೂ ಅನ್ನಲಿಲ್ಲ, ಬೆಂಗಳೂರಿಗೆ ಹೊರಟಾಗ ಚೀಲಕ್ಕೆ ಒಂದು ಡಬ್ಬಿ ಹೆಚ್ಚಿಗೆ ಇಟ್ಟಳು.

ಬಾಳಕ ಹಾಕುವುದು ಹೆಂಗಸರ ಕೆಲಸ ಎಂದು ಊರಲ್ಲಿ ಕೆಲವರು ನಕ್ಕದ್ದೂ ಉಂಟು. ನಗಲಿ. ಒಣಗಿಸುವ ವಿದ್ಯೆ ನಮ್ಮ ತಾಯಂದಿರ ಕೈಯಲ್ಲಿದೆ, ಯಾವ ಪುಸ್ತಕದಲ್ಲೂ ಅವರ ಅಳತೆಗಳಿಲ್ಲ. ಅವರ ಮೊಣಕಾಲು ಸೋತ ದಿನ ಅದೂ ನಿಂತುಹೋಗಬಾರದು.

ಹಾಗಾಗಿ ಈ ಸಲ ರಜೆಗೆ ಊರಿಗೆ ಹೋದಾಗ ಡಬ್ಬಿ ತರುವುದರ ಜೊತೆಗೆ ಅದನ್ನು ಮಾಡುವುದು ಹೇಗೆಂದು ಕೇಳಿ, ತೂಗಿ, ಬರೆದುಕೊಂಡು ಬನ್ನಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಇವತ್ತೇ ಒಂದು ಕಟ್ಟು ಮೆಂತ್ಯೆ ಸೊಪ್ಪು ತನ್ನಿ. ಎಲೆ ಬಿಡಿಸಿ, ತೊಳೆದು, ಹಳೆಯ ಪಂಚೆಯ ಮೇಲೆ ಕೋಣೆಯ ಕಿಟಕಿ ಪಕ್ಕ ನೆರಳಲ್ಲಿ ಹರಡಿ. ಮೂರು ದಿನದ ನಂತರ ಕೈಯಲ್ಲಿ ಹಿಸುಕಿ ನೋಡಿ. ಗರಗರ ಎಂದರೆ ಡಬ್ಬಿಗೆ ತುಂಬಬಹುದು.